ಮುಖವಿಲ್ಲದ ನೂರು ಚಿತ್ರಗಳು: ಒಂದು ಛಾಯಾಚಿತ್ರ ಯೋಜನೆಯ ಪ್ರಕರಣ ಅಧ್ಯಯನ

ಲಂಡನ್ನಿನ 'ದಿ ಸನ್' ಪತ್ರಿಕೆ 1970ರ ನವೆಂಬರ್ 17ರಂದು ತನ್ನ ಮೂರನೆಯ ಪುಟದಲ್ಲಿ ಬೆತ್ತಲೆ ರೂಪದರ್ಶಿಯೊಬ್ಬಳ ಫೋಟೋ ಅಚ್ಚು ಹಾಕಿತು. ಮುಂದೆ ಎದೆ ತೆರೆದ ಹೆಣ್ಣಿನ ಚಿತ್ರ ಆ ಪುಟದ ರೂಢಿಯೇ ಆಗಿಹೋಯಿತು. 'ಪೇಜ್ ತ್ರೀ' ಎಂಬ ಹೆಸರು ಅಂಟಿಕೊಂಡಿತು. ಲೂಸಿ-ಆನ್ ಹೋಮ್ಸ್ 2012ರಲ್ಲಿ ಇದರ ವಿರುದ್ಧ ಚಳವಳಿ ಆರಂಭಿಸಿದರು. 2015ರ ಜನವರಿಯಲ್ಲಿ ಪತ್ರಿಕೆ ಸದ್ದಿಲ್ಲದೆ ಅದನ್ನು ಕೈಬಿಡುವ ಹೊತ್ತಿಗೆ ನಲವತ್ತನಾಲ್ಕು ವರ್ಷ ಕಳೆದಿದ್ದವು. ಎಂದರೆ, ಬ್ರಿಟನ್ನಿನಲ್ಲಿ ಹೆಣ್ಣಿನ ಎದೆ ಮುಚ್ಚಿಟ್ಟ ವಿಷಯವೇನೂ ಆಗಿರಲಿಲ್ಲ, ಬೆಳಗಿನ ಚಹಾದ ಜೊತೆ ಮೇಜಿಗೆ ಬರುತ್ತಿತ್ತು. ಬರುತ್ತಿದ್ದದ್ದು ಮಾತ್ರ ಒಂದೇ ಬಗೆ. ತರುಣಿಯದು, ಬಹುಪಾಲು ಬಿಳಿಯರದು, ಎರಡೂ ಕಡೆ ಸಮನಾದದ್ದು, ಮಗುವಿಗೆ ಹಾಲೂಡಿಸಿದ ಗುರುತಾಗಲಿ ಶಸ್ತ್ರಚಿಕಿತ್ಸೆಯ ಕಲೆಯಾಗಲಿ ಇಲ್ಲದ್ದು.

ಏನನ್ನೂ ಕಾಣದೆ ಬೆಳೆದವರ ಸಂಕೋಚ ಒಂದು ಬಗೆಯದು. ಒಂದನ್ನೇ ಕಂಡು ಕಂಡು ಬೆಳೆದವರ ಸಂಕೋಚ ಇನ್ನೊಂದು ಬಗೆಯದು. ಎರಡನೆಯದಕ್ಕೆ 'ನಿಮ್ಮ ದೇಹವನ್ನು ಪ್ರೀತಿಸಿ' ಎಂಬ ಉಪದೇಶ ಕೊಟ್ಟು ಪ್ರಯೋಜನವಿಲ್ಲ, ಏಕೆಂದರೆ ಆಕೆಯ ಕಣ್ಣಿನಲ್ಲಿ ಆಗಲೇ ಒಂದು ಅಳತೆಗೋಲು ಕೂತುಬಿಟ್ಟಿರುತ್ತದೆ. ಛಾಯಾಗ್ರಾಹಕಿ ಲಾರಾ ಡಾಡ್ಸ್‌ವರ್ತ್ ಕೈಹಾಕಿದ್ದು ಈ ಅಳತೆಗೋಲಿಗೆ. ನೂರು ಹೆಂಗಸರ ಎದೆಯ ಚಿತ್ರ ತೆಗೆಯುವುದು, ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ಮಾತನಾಡಿಸುವುದು, ಚಿತ್ರದ ಪಕ್ಕದಲ್ಲಿ ಆ ಮಾತನ್ನು ಅಚ್ಚು ಹಾಕುವುದು, ಇಷ್ಟೇ ಯೋಜನೆ. 2014ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಜನರಿಂದಲೇ ಹಣ ಕೂಡಿಸಿದರು. 2015ರಲ್ಲಿ 'ಬೇರ್ ರಿಯಾಲಿಟಿ' ಪುಸ್ತಕ ಬಂತು. ಪೇಜ್ ತ್ರೀ ನಿಂತ ವರ್ಷವೇ ಅದು.

ಪಾಲ್ಗೊಂಡವರಲ್ಲಿ ಅತಿ ಕಿರಿಯಳಿಗೆ 19, ಅತಿ ಹಿರಿಯಳಿಗೆ 101. ಬೌದ್ಧ ಸನ್ಯಾಸಿನಿ ಇದ್ದರು, ಬಟ್ಟೆ ಕಳಚುತ್ತ ರಂಗದ ಮೇಲೆ ಕುಣಿಯುವ ಬರ್ಲೆಸ್ಕ್ ನರ್ತಕಿಯೂ ಇದ್ದರು. ಬ್ರಾ ಅಳತೆಯ ಲೆಕ್ಕದಲ್ಲಿ ತೀರಾ ಚಿಕ್ಕ 'ಎಎಎ'ಯಿಂದ ಬಹು ದೊಡ್ಡ 'ಕೆ'ವರೆಗೆ. ಹೆತ್ತವರು, ಹೆರದವರು, ಕ್ಯಾನ್ಸರ್ ಕಂಡವರು, ಎಲ್ಲರೂ ಒಂದೇ ಪುಸ್ತಕದೊಳಗೆ.

ಚೌಕಟ್ಟು

ಪುಟ ತೆರೆದರೆ ಕಾಣುವುದು ಕುತ್ತಿಗೆಯಿಂದ ಕೆಳಗೆ, ಸೊಂಟದವರೆಗಿನ ಒಂದು ಮೈ. ಭಂಗಿ ಇಲ್ಲ, ಹಿನ್ನೆಲೆಯಲ್ಲಿ ಕಣ್ಣು ಸೆಳೆಯುವ ಏನೂ ಇಲ್ಲ, ತಿದ್ದುಪಡಿಯೂ ಇಲ್ಲ. ಮುಂದಿನ ಪುಟದಲ್ಲಿ ಅದೇ ಚೌಕಟ್ಟು, ಬೇರೆ ಮೈ. ನಾಲ್ಕೈದು ಪುಟ ದಾಟುವಾಗ ನೋಟದ ಬಗೆಯೇ ಬದಲಾಗುತ್ತದೆ. ಮೊದಲಿಗೆ 'ಬೆತ್ತಲೆ' ಎಂದು ಕಂಡದ್ದು ನಿಧಾನಕ್ಕೆ ವಿವರವಾಗುತ್ತದೆ: ಒಂದು ಕಡೆಯದು ಇನ್ನೊಂದಕ್ಕಿಂತ ತುಸು ಕೆಳಗಿದೆ, ತೊಟ್ಟಿನ ಸುತ್ತಲಿನ ವರ್ತುಲ ಒಬ್ಬರಿಗೆ ತಿಳಿ ಗುಲಾಬಿ, ಇನ್ನೊಬ್ಬರಿಗೆ ಕಡುಗಂದು. ಚರ್ಮ ಹಿಗ್ಗಿ ಕುಗ್ಗಿದಲ್ಲಿ ಬೆಳ್ಳಿಗೆರೆ, ಹಸಿರು ನರ. ಎದೆಯನ್ನೇ ತೆಗೆದುಹಾಕಿದ ಜಾಗದಲ್ಲಿ ಅಡ್ಡಕ್ಕೆ ಮಲಗಿದ ಹೊಲಿಗೆಯ ಗುರುತು. ಛಾಯಾಗ್ರಹಣದ ದೃಷ್ಟಿಯಿಂದ ಒಂದೊಂದು ಚಿತ್ರವನ್ನು ಬಿಡಿಸಿ ನೋಡಿದರೆ ಅಂಥ ಚಮತ್ಕಾರವೇನೂ ಇಲ್ಲ ಎಂದೇ ನನ್ನ ಅಭಿಪ್ರಾಯ. ಬೆಳಕು ಸಾಧಾರಣ, ಸಂಯೋಜನೆ ಸಾಧಾರಣ. ಕಲೆ ಇರುವುದು ಸರಣಿಯಲ್ಲಿ. ಚೌಕಟ್ಟು ಕದಲದೆ ನಿಂತದ್ದರಿಂದಲೇ ಕದಲಿದ್ದೆಲ್ಲ ದೇಹದ್ದು ಎಂದು ಗೊತ್ತಾಗುತ್ತದೆ. ಕೋನ ಬದಲಿಸಿ, ನೆರಳು ಆಡಿಸಿ, ಒಬ್ಬೊಬ್ಬರನ್ನೂ 'ಸುಂದರವಾಗಿ' ತೋರಿಸಲು ಹೊರಟಿದ್ದರೆ ನೂರು ಹೊಸ ಪೇಜ್ ತ್ರೀಗಳು ಸಿಗುತ್ತಿದ್ದವು ಅಷ್ಟೇ.

ಮುಖವಿಲ್ಲದ ಚೌಕಟ್ಟಿಗೆ ಆಕ್ಷೇಪ ಉಂಟು, ಅದು ಸಣ್ಣದೇನೂ ಅಲ್ಲ. ಹೆಣ್ಣಿನ ತಲೆ ಕತ್ತರಿಸಿ ಮೈಯನ್ನಷ್ಟೇ ಇಡುವುದು ಜಾಹೀರಾತಿನ ಹಳೆಯ ಚಾಳಿ. ಸ್ತ್ರೀವಾದಿ ವಿಮರ್ಶಕರು ದಶಕಗಳಿಂದ ಬೈದದ್ದೂ ಅದನ್ನೇ. ಕಲಾ ಇತಿಹಾಸದಲ್ಲಿಯೂ ಫ್ರೆಂಚ್ ಚಿತ್ರಕಾರ ಗುಸ್ತಾವ್ ಕೂರ್ಬೆ 1866ರಲ್ಲಿ ಬರೆದ, ಈಗ ಪ್ಯಾರಿಸ್ಸಿನ ಓರ್ಸೇ ಮ್ಯೂಸಿಯಮ್ಮಿನಲ್ಲಿರುವ ಬೆತ್ತಲೆ ಹೆಣ್ಣಿನ ಪ್ರಸಿದ್ಧ ವರ್ಣಚಿತ್ರದಲ್ಲಿ ಮುಖವಿಲ್ಲ. ಆ ಹೆಣ್ಣಿಗೆ ಮಾತೂ ಇಲ್ಲ. ಹಾಗಾದರೆ ಡಾಡ್ಸ್‌ವರ್ತ್ ಮಾಡಿದ್ದು ಹೇಗೆ ಬೇರೆ? ಮುಖ ಇದ್ದಿದ್ದರೆ ಈ ನೂರರಲ್ಲಿ ಎಷ್ಟು ಮಂದಿ ಒಪ್ಪುತ್ತಿದ್ದರು ಎಂಬ ವ್ಯಾವಹಾರಿಕ ಉತ್ತರ ಮೊದಲನೆಯದು. ಅದಕ್ಕಿಂತ ಗಟ್ಟಿಯಾದ ಉತ್ತರ ಪಕ್ಕದ ಪುಟದಲ್ಲಿದೆ. ಮುಖದ ಜಾಗಕ್ಕೆ ಬಂದದ್ದು ಮಾತು. ಓದುಗ ಆ ದೇಹವನ್ನು ನೋಡುತ್ತಿರುವಾಗಲೇ ಅದರ ಒಡತಿ 'ನಾನು' ಎಂದು ಮಾತನಾಡುತ್ತಿರುತ್ತಾಳೆ: ಶಾಲೆಯ ದಿನಗಳ ಗೇಲಿ, ಹಾಲೂಡಿಕೆ, ಗಂಡನ ಮಾತು, ಆಸ್ಪತ್ರೆ, ಮುಪ್ಪು. ಎಲ್ಲರೂ ತಮ್ಮ ಮೈಯನ್ನು ಮೆಚ್ಚಿಕೊಳ್ಳುತ್ತಾರೆಂದೂ ಅಲ್ಲ. ಇಷ್ಟವಿಲ್ಲ ಎನ್ನುವವರ ಮಾತನ್ನೂ ಹಾಗೆಯೇ ಬಿಟ್ಟಿದ್ದಾರೆ. ದೇಹವನ್ನು ಒಪ್ಪಿಕೊಳ್ಳುವ ಹೆಸರಿನಲ್ಲಿ ನಡೆಯುವ ಬಹಳಷ್ಟು ಕೆಲಸ ಉತ್ಸವದಂತಿರುತ್ತದೆ, ಅಲ್ಲಿ ಅಳುವವಳಿಗೆ ಜಾಗವಿರುವುದಿಲ್ಲ. ಈ ಪುಸ್ತಕದಲ್ಲಿ ಇದೆ.

ನೂರು ಎಂಬ ಸಂಖ್ಯೆಗೂ ಕೆಲಸವಿದೆ. ಅದರ ಬೆಲೆ ತಿಳಿಯಲು ಅಮೆರಿಕದ ಒಂದು ಹಳೆಯ ಪ್ರಸಂಗ ನೆನೆಯಬೇಕು. ಸ್ತ್ರೀರೋಗ ತಜ್ಞ ರಾಬರ್ಟ್ ಲಾಟು ಡಿಕಿನ್ಸನ್ ಮತ್ತು ಶಿಲ್ಪಿ ಏಬ್ರಮ್ ಬೆಲ್ಸ್ಕಿ ಸೇರಿ 1940ರ ದಶಕದಲ್ಲಿ 'ನಾರ್ಮಾ' ಎಂಬ ಪ್ರತಿಮೆ ಮಾಡಿದರು. ಸುಮಾರು 15,000 ತರುಣಿಯರ ಅಳತೆಗಳ ಸರಾಸರಿ ತೆಗೆದು ರೂಪಿಸಿದ 'ಸಾಮಾನ್ಯ ಹೆಣ್ಣು' ಅದು. 1945ರಲ್ಲಿ ಕ್ಲೀವ್‌ಲ್ಯಾಂಡಿನ ಪತ್ರಿಕೆಯೊಂದು ನಾರ್ಮಾಳಿಗೆ ಹೋಲುವ ಹೆಣ್ಣನ್ನು ಹುಡುಕಲು ಸ್ಪರ್ಧೆ ಇಟ್ಟಿತು. 3,800ಕ್ಕೂ ಹೆಚ್ಚು ಹೆಂಗಸರು ತಮ್ಮ ಅಳತೆ ಕಳಿಸಿದರು. ಒಂಬತ್ತು ಅಳತೆಗಳಲ್ಲಿಯೂ ನಾರ್ಮಾಳಂತೆ ಇದ್ದವಳು ಒಬ್ಬಳೂ ಸಿಗಲಿಲ್ಲ. ಬಹುಮಾನವನ್ನು ಹತ್ತಿರ ಬಂದವಳಿಗೆ ಕೊಟ್ಟು ಕೈತೊಳೆದುಕೊಂಡರು. ಹದಿನೈದು ಸಾವಿರ ಮೈಗಳನ್ನು ಕಡೆದು ಒಂದು ಮಾಡಿದಾಗ ಸಿಕ್ಕದ್ದು ಯಾರದ್ದೂ ಅಲ್ಲದ ಮೈ. ನೂರನ್ನು ನೂರಾಗಿಯೇ ಇಟ್ಟ ಪುಸ್ತಕದಲ್ಲಿ ಓದುಗಳಿಗೆ ತನ್ನಂಥದ್ದು ಎಲ್ಲೋ ಒಂದು ಪುಟದಲ್ಲಿ ಎದುರಾಗುವ ಸಂಭವ ಹೆಚ್ಚು.

ವೈದ್ಯರ ಮಾತು ಸಾಲದಾದಾಗ

ಮೊದಲ ಪುಸ್ತಕದ ನಂತರ ಡಾಡ್ಸ್‌ವರ್ತ್ 2017ರಲ್ಲಿ ನೂರು ಗಂಡಸರನ್ನು ಇದೇ ವಿಧಾನದಲ್ಲಿ ಚಿತ್ರಿಸಿದ ಎರಡನೆಯ ಪುಸ್ತಕ ತಂದರು. 2019ರಲ್ಲಿ ಮೂರನೆಯ ಪುಸ್ತಕ ಬಂತು. ಈ ಬಾರಿ ಹೆಣ್ಣಿನ ಜನನಾಂಗ. ಅದರ ಜೊತೆಗೇ ಚಾನೆಲ್ 4 ವಾಹಿನಿ ಜೆನ್ನಿ ಆ್ಯಶ್ ನಿರ್ದೇಶನದ ಸಾಕ್ಷ್ಯಚಿತ್ರವನ್ನು ಫೆಬ್ರುವರಿಯಲ್ಲಿ ಪ್ರಸಾರ ಮಾಡಿತು. ಈ ಹಂತವೇ ಪ್ರಕರಣದ ತಿರುಳು ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಇಲ್ಲಿ ವಿಷಯ ಬರೀ ಸಂಕೋಚದ್ದಾಗಿರಲಿಲ್ಲ, ಕತ್ತರಿಯದೂ ಆಗಿತ್ತು.

ಯೋನಿಯ ಒಳತುಟಿಗಳನ್ನು ಕತ್ತರಿಸಿ ಚಿಕ್ಕದು ಮಾಡುವ ಶಸ್ತ್ರಚಿಕಿತ್ಸೆಗೆ ಪಾಶ್ಚಾತ್ಯ ದೇಶಗಳಲ್ಲಿ ಬೇಡಿಕೆ ಏರುತ್ತಲೇ ಇತ್ತು. ಆಸ್ಟ್ರೇಲಿಯಾದ ಸರ್ಕಾರಿ ಆರೋಗ್ಯ ವಿಮೆಯ ಲೆಕ್ಕದಲ್ಲಿ ಇಂಥ ಶಸ್ತ್ರಚಿಕಿತ್ಸೆಗಳು 2001ರಲ್ಲಿ 640 ಇದ್ದದ್ದು 2011ಕ್ಕೆ 1,565 ಆಗಿದ್ದವು. ದೊಡ್ಡದಾಗಿದೆ, ಒಂದು ಉದ್ದ ಒಂದು ಗಿಡ್ಡ, ಹೊರಗೆ ಕಾಣುತ್ತದೆ ಎಂಬುವು ಬಂದವರ ದೂರು. ದೊಡ್ಡದು ಎಂದರೆ ಎಷ್ಟಕ್ಕಿಂತ? ಲಂಡನ್ನಿನ ವೈದ್ಯರು 2005ರಲ್ಲಿ ಐವತ್ತು ಹೆಂಗಸರನ್ನು ಅಳೆದು ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಗೆ ಉತ್ತರ ಕೊಟ್ಟಿತ್ತು. ಒಳತುಟಿಯ ಅಗಲ 7 ಮಿಲಿಮೀಟರಿನಿಂದ 50 ಮಿಲಿಮೀಟರಿನವರೆಗೆ, ಉದ್ದ 20ರಿಂದ 100 ಮಿಲಿಮೀಟರಿನವರೆಗೆ. ಬರೀ ಐವತ್ತು ಮಂದಿಯಲ್ಲೇ ಅಗಲದಲ್ಲಿ ಏಳು ಪಟ್ಟು ಅಂತರ! 2018ರಲ್ಲಿ ಸ್ವಿಟ್ಜರ್ಲೆಂಡಿನ ಲುಸರ್ನ್ ಆಸ್ಪತ್ರೆಯವರು 657 ಮಂದಿಯನ್ನು ಅಳೆದಾಗಲೂ 'ಇದು ಸರಿ, ಇದು ತಪ್ಪು' ಎಂದು ಗೆರೆ ಎಳೆಯುವ ಜಾಗ ಸಿಗಲಿಲ್ಲ.

ಅಂಕಿಅಂಶ ಇಷ್ಟು ಸ್ಪಷ್ಟವಿದ್ದ ಮೇಲೆ ಅದನ್ನು ಹೇಳಿ ಸಮಾಧಾನ ಮಾಡಿದರೆ ಆಯಿತಲ್ಲವೇ? ಆಗಲಿಲ್ಲ. 2011ರಲ್ಲಿ ಪ್ರಕಟವಾದ ಇನ್ನೊಂದು ಬ್ರಿಟಿಷ್ ಅಧ್ಯಯನದಲ್ಲಿ ಈ ಶಸ್ತ್ರಚಿಕಿತ್ಸೆ ಬೇಕೆಂದು ಬಂದ 33 ಮಂದಿಯನ್ನು ಪರೀಕ್ಷಿಸಿದರು. ಎಲ್ಲರ ಅಳತೆಯೂ ಸಾಮಾನ್ಯ ವ್ಯಾಪ್ತಿಯೊಳಗೇ ಇತ್ತು. ಹಾಗೆಂದು ವೈದ್ಯರೇ ಹೇಳಿದ ಮೇಲೂ ಅನೇಕರು ಬೇರೆ ದಾರಿಯಿಂದಾದರೂ ಮಾಡಿಸಿಕೊಳ್ಳುವ ಇರಾದೆ ಬಿಡಲಿಲ್ಲ. ಇದನ್ನು ಹೆಣ್ಣಿನ ಹಟ ಎಂದು ತಳ್ಳಿಹಾಕುವವರಿಗೆ ಪ್ರಕರಣ ಅರ್ಥವಾಗಿಲ್ಲ. ಆಕೆ ಹೋಲಿಸಿಕೊಳ್ಳುತ್ತಿರುವುದು ಮಿಲಿಮೀಟರಿನೊಂದಿಗಲ್ಲ, ತಾನು ಕಂಡ ಚಿತ್ರದೊಂದಿಗೆ. ಸಂಖ್ಯೆ ಕಿವಿಗೆ ಬೀಳುತ್ತದೆ, ಚಿತ್ರ ಕಣ್ಣಲ್ಲೇ ನಿಂತಿರುತ್ತದೆ. ತನ್ನದನ್ನು ತಾನೇ ಕನ್ನಡಿಯಿಲ್ಲದೆ ಕಾಣಲಾಗದ, ಬೇರೆಯವರದನ್ನು ಕಾಣುವ ಪ್ರಸಂಗವೇ ಬಾರದ ಅಂಗವಿದು. ಸ್ನಾನದ ಮನೆಯಲ್ಲಿ, ಈಜುಕೊಳದ ಬಟ್ಟೆ ಬದಲಿಸುವ ಕೋಣೆಯಲ್ಲಿ ಅಕ್ಕಪಕ್ಕದವರ ಎದೆ ಕಂಡೀತು, ಇದು ಕಾಣುವುದಿಲ್ಲ. ಹಾಗಾಗಿ ಕಂಡದ್ದೆಲ್ಲ ಅಶ್ಲೀಲ ಚಿತ್ರಗಳಲ್ಲಿ, ಇಲ್ಲವೇ ಪಠ್ಯಪುಸ್ತಕದ ರೇಖಾಚಿತ್ರದಲ್ಲಿ.

ಆ ಚಿತ್ರಗಳು ಹೇಗೆ ತಯಾರಾಗುತ್ತಿದ್ದವು ಎಂಬುದಕ್ಕೆ ಮತ್ತೆ ಆಸ್ಟ್ರೇಲಿಯಾ ನೋಡಬೇಕು. ಅಲ್ಲಿನ ವರ್ಗೀಕರಣ ನಿಯಮದಂತೆ, ಮೊಹರು ಮಾಡದೆ ಅಂಗಡಿಯಲ್ಲಿ ಮಾರುವ ವಯಸ್ಕರ ಪತ್ರಿಕೆಗಳಲ್ಲಿ ಜನನಾಂಗದ ವಿವರ ಎದ್ದು ಕಾಣುವಂತಿಲ್ಲ. ಪ್ರಕಾಶಕರು ಇದಕ್ಕೆ ಕಂಡುಕೊಂಡ ಉಪಾಯ ಸುಲಭವಾಗಿತ್ತು: ಕಂಪ್ಯೂಟರಿನಲ್ಲಿ ಒಳತುಟಿಗಳನ್ನು ಅಳಿಸಿ, ಒಂದೇ ಗೆರೆಯಾಗಿ ಉಳಿಸುವುದು. 2010ರಲ್ಲಿ ಎಬಿಸಿ ವಾಹಿನಿಯ ಕಾರ್ಯಕ್ರಮವೊಂದು ಈ ಅಳಿಸುವ ಕೆಲಸವನ್ನೇ ತೆರೆಯ ಮೇಲೆ ತೋರಿಸಿತು. ಸಭ್ಯತೆ ಕಾಯಲು ಮಾಡಿದ ನಿಯಮ ಕಡೆಗೆ ಕಾದದ್ದು ಒಂದು ಸುಳ್ಳನ್ನು. ಆ ಪತ್ರಿಕೆ ಓದಿದ ಗಂಡಸಿಗೂ, ಕದ್ದು ನೋಡಿದ ಹೆಣ್ಣಿಗೂ ಆ ಅಂಗ ಹಾಗೆಯೇ ಇರಬೇಕೆಂದಾಯಿತು.

ಚಿತ್ರ ಕಣ್ಣನ್ನು ಪಳಗಿಸುತ್ತದೆ ಎಂಬುದು ಬರೀ ಊಹೆಯಲ್ಲ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕ್ಲೇರ್ ಮೊರಾನ್ ಮತ್ತು ಕ್ರಿಸ್ಟೀನಾ ಲೀ 97 ತರುಣಿಯರನ್ನು ಗುಂಪು ಮಾಡಿ, ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ ತಿದ್ದಿದ ಅಂಗಗಳ ಚಿತ್ರವನ್ನೂ ಕೆಲವರಿಗೆ ಸಹಜವಾದವುಗಳ ಚಿತ್ರವನ್ನೂ ಮೊದಲು ತೋರಿಸಿದರು. ನಂತರ ಎಲ್ಲರಿಗೂ ಎರಡೂ ಬಗೆಯ ಚಿತ್ರ ಕೊಟ್ಟು 'ಯಾವುದು ಸಾಮಾನ್ಯ' ಎಂದು ಕೇಳಿದರು. ತಿದ್ದಿದ್ದನ್ನು ಮೊದಲು ಕಂಡವರು ತಿದ್ದಿದ್ದನ್ನೇ ಹೆಚ್ಚು ಸಾಮಾನ್ಯ ಎಂದರು. ಕೆಲವು ನಿಮಿಷಗಳ ನೋಟದ ಫಲ ಇದು. ಆ್ಯಮ್‌ಸ್ಟರ್‌ಡ್ಯಾಮಿನಲ್ಲಿ ಎಲೆನ್ ಲಾನ್ ಮತ್ತು ಸಂಗಡಿಗರು 43 ಮಂದಿಯೊಡನೆ ಮಾಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಇನ್ನೊಂದು ಮಗ್ಗುಲು: ಸಹಜ ಅಂಗಗಳ ಬಗೆಬಗೆಯ ಚಿತ್ರ ನೋಡಿದವರಲ್ಲಿ ತಮ್ಮ ಅಂಗದ ಬಗೆಗಿನ ಭಾವನೆ ಸುಧಾರಿಸಿತು. ಎರಡೂ ಚಿಕ್ಕ ಪ್ರಯೋಗಗಳು, ಮಾಡಿದ್ದು ಪ್ರಯೋಗಾಲಯದಲ್ಲಿ. ಇವುಗಳ ಮೇಲೆ ಮಹಲು ಕಟ್ಟುವುದು ಬೇಡ. ಆದರೆ ಚಿತ್ರ ತಂದ ಕೊರಗಿಗೆ ಚಿತ್ರವೇ ಮದ್ದಾಗಬಹುದು ಎಂಬ ಡಾಡ್ಸ್‌ವರ್ತ್ ನಂಬಿಕೆಗೆ ಇಷ್ಟು ಆಧಾರ ಸಾಕು.

2019ರ ಸಾಕ್ಷ್ಯಚಿತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಚಿತ್ರ ತೆಗೆಯುವ ಗಳಿಗೆಯಲ್ಲ. ಪಾಲ್ಗೊಂಡ ಹೆಂಗಸರಿಗೆ ಅವರದೇ ಫೋಟೋ ತೋರಿಸುತ್ತಾರೆ. ಹೆತ್ತವರಿದ್ದಾರೆ, ವಯಸ್ಸಾದವರಿದ್ದಾರೆ, ತಮ್ಮದನ್ನು ಇಷ್ಟು ಸ್ಪಷ್ಟವಾಗಿ ಎಂದೂ ಕಂಡಿರದವರು. ಇಲ್ಲಿ ಮುಖ ಇದೆ, ಹಾಗಾಗಿ ನೋಡುಗನಿಗೆ ಪುಸ್ತಕದಲ್ಲಿ ಸಿಗದ್ದು ಸಿಗುತ್ತದೆ. ಮಾತು ಬೇಗನೆ ಆಕಾರವನ್ನು ದಾಟಿ ಮುಟ್ಟು, ಹೆರಿಗೆ, ಸುಖ, ಮುಟ್ಟು ನಿಲ್ಲುವುದು, ಕ್ಯಾನ್ಸರ್, ಅತ್ಯಾಚಾರ ಇವುಗಳಿಗೆ ಹೋಗುತ್ತದೆ. ಬಾಲ್ಯದಲ್ಲಿ ಜನನಾಂಗ ಛೇದನಕ್ಕೆ ಒಳಗಾದವರ ಅನುಭವವೂ ಯೋಜನೆಯಲ್ಲಿದೆ, ಮತ್ತು ಅಲ್ಲಿ ಒಂದು ಇರುಸುಮುರುಸು ಹುಟ್ಟುತ್ತದೆ. ಸಂಪ್ರದಾಯದ ಹೆಸರಿನಲ್ಲಿ ಕತ್ತರಿಸುವುದು ಬ್ರಿಟನ್ನಿನಲ್ಲಿ 1985ರಿಂದ ಅಪರಾಧ. ಅಂದದ ಹೆಸರಿನಲ್ಲಿ ಅದೇ ಭಾಗವನ್ನು ಹಣ ಪಡೆದು ಕತ್ತರಿಸುವ ಕ್ಲಿನಿಕ್‌ಗಳಿಗೆ ಫಲಕ ಉಂಟು. ವಯಸ್ಕಳ ಒಪ್ಪಿಗೆ ಎಂಬ ವ್ಯತ್ಯಾಸ ದೊಡ್ಡದೇ, ಒಪ್ಪುತ್ತೇನೆ. ಆ ಒಪ್ಪಿಗೆ ಯಾವ ಚಿತ್ರಗಳನ್ನು ನೋಡಿ ಹುಟ್ಟಿತು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಯೋಜನೆಯ ಕುಂದುಗಳು

ಮುಂದೆ ಬಂದವರು ಮುಂದೆ ಬರಬಲ್ಲವರು. ತನ್ನ ದೇಹದ ಬಗ್ಗೆ ತೀರಾ ಕುಗ್ಗಿಹೋದವಳು, ಮನೆಯವರಿಗೆ ಹೆದರುವವಳು ಕ್ಯಾಮೆರಾದ ಮುಂದೆ ಬರುವುದಿಲ್ಲ. ಆದ್ದರಿಂದ ಈ ನೂರು ಸಮಾಜದ ಪ್ರತಿನಿಧಿಗಳಲ್ಲ. ಅದೇ ಕಾರಣಕ್ಕೆ ಇದನ್ನು ಅಧ್ಯಯನವೆಂದು ಕರೆಯದೆ ಕಲಾಕೃತಿ ಎಂದು ಕರೆಯುವುದೇ ಸರಿ.

ಎರಡನೆಯದು ಹೆಚ್ಚು ತೊಡಕಿನದು. ಪುಸ್ತಕದಲ್ಲಿ ಚಿತ್ರಕ್ಕೂ ಮಾತಿಗೂ ಗಂಟು ಹಾಕಿದೆ. ಇಂಟರ್ನೆಟ್ಟಿನಲ್ಲಿ ಆ ಗಂಟು ಕ್ಷಣದಲ್ಲಿ ಬಿಚ್ಚಿಕೊಳ್ಳುತ್ತದೆ: ಮಾತು ಉದುರಿಹೋಗಿ ಬರೀ ಅಂಗ ಉಳಿಯುತ್ತದೆ. ಇನ್ನೊಂದು ಕಡೆ, ಸಾಮಾಜಿಕ ಜಾಲತಾಣಗಳ ಯಂತ್ರಕ್ಕೆ ಕಲೆಯೂ ಚಿಕಿತ್ಸೆಯೂ ಅಶ್ಲೀಲವೂ ಒಂದೇ. 2020ರ ಅಕ್ಟೋಬರಿನಲ್ಲಿ ಬ್ರೆಜಿಲ್‌ನ ಒಬ್ಬರು ಸ್ತನ ಕ್ಯಾನ್ಸರಿನ ಲಕ್ಷಣಗಳನ್ನು ತಿಳಿಸಲು ಎಂಟು ಫೋಟೋಗಳನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದಾಗ, ಐದರಲ್ಲಿ ಮೊಲೆತೊಟ್ಟು ಕಂಡಿತೆಂದು ಯಂತ್ರವೇ ಅದನ್ನು ಅಳಿಸಿತು. ಕಂಪನಿಯ ನಿಯಮದಲ್ಲೇ ಕ್ಯಾನ್ಸರ್ ಜಾಗೃತಿಗೆ ವಿನಾಯಿತಿ ಇತ್ತು! ಕಂಪನಿಯ ಮೇಲ್ವಿಚಾರಣಾ ಮಂಡಳಿ 2021ರ ಜನವರಿಯಲ್ಲಿ ಅಳಿಸಿದ್ದು ತಪ್ಪೆಂದು ತೀರ್ಪು ಕೊಟ್ಟಿತು. ಡಾಡ್ಸ್‌ವರ್ತ್ ಅವರಂಥವರ ಕೆಲಸ ಪುಸ್ತಕ, ಗ್ಯಾಲರಿ, ತಡರಾತ್ರಿಯ ಟಿವಿ ಇವುಗಳಲ್ಲೇ ಹೆಚ್ಚು ಉಳಿಯುವುದಕ್ಕೆ ಇದೂ ಕಾರಣ. ಅಳತೆಗೋಲು ತಯಾರಾಗುವ ಜಾಗ ಫೋನಿನ ಪರದೆ, ಮದ್ದು ಸಿಗುವ ಜಾಗ ಪುಸ್ತಕದ ಅಂಗಡಿ.

ನಮ್ಮ ಕಡೆಯ ಓದುಗರಿಗೆ ಬಾದಾಮಿಯ ಮ್ಯೂಸಿಯಮ್ಮಿನಲ್ಲಿರುವ ಲಜ್ಜಾಗೌರಿ ನೆನಪಾಗಬಹುದು. ಚಾಲುಕ್ಯರ ಕಾಲದ ಆ ಶಿಲ್ಪಕ್ಕೂ ಮುಖವಿಲ್ಲ, ತಲೆಯಿರಬೇಕಾದಲ್ಲಿ ಕಮಲವಿದೆ, ಕಾಲುಗಳು ತೆರೆದಿವೆ. ಅದನ್ನು ತೋರಿಸಿ 'ನಮ್ಮಲ್ಲಿ ಇದೆಲ್ಲ ಮೊದಲೇ ಇತ್ತು' ಎಂದು ಎದೆಯುಬ್ಬಿಸುವವರ ಜೊತೆ ನಾನು ಇಲ್ಲ. ಅದು ಫಲವಂತಿಕೆಯ ದೇವಿಯ ಮೂರ್ತಿ. ಪೂಜೆಗೊಳ್ಳುವ ಒಂದು ರೂಪ ಬೇರೆ, ತನ್ನಂಥವರನ್ನು ಕಾಣಬಯಸುವ ಹೆಣ್ಣಿನ ಅಗತ್ಯ ಬೇರೆ. ಕನ್ನಡದಲ್ಲಿ ಆ ಅಗತ್ಯಕ್ಕೆ ಓಗೊಟ್ಟವರು ವೈದ್ಯ ಲೇಖಕಿಯರು. ಡಾ. ಅನುಪಮಾ ನಿರಂಜನ ಅವರು ಮೈಯ ವಿಷಯವನ್ನು ಮುಜುಗರವಿಲ್ಲದೆ ಮನೆಮಾತಿನಲ್ಲಿ ಬರೆದು ಒಂದು ಪೀಳಿಗೆಯ ಹೆಣ್ಣುಮಕ್ಕಳಿಗೆ ಧೈರ್ಯ ಕೊಟ್ಟರು. ಆದರೆ ಅದು ಮಾತಿನ ಮದ್ದು. ನಮ್ಮ ಪತ್ರಿಕೆಗಳ ಆರೋಗ್ಯ ಅಂಕಣಗಳಿಗೆ 'ಒಂದು ಸ್ತನ ಚಿಕ್ಕದಿದೆ, ಮದುವೆಗೆ ತೊಂದರೆಯೇ' ಎಂಬ ಪ್ರಶ್ನೆ ಇಂದಿಗೂ ಬರುತ್ತದೆ, ವೈದ್ಯರು 'ಇದು ಸಹಜ' ಎಂದು ಉತ್ತರಿಸುತ್ತಾರೆ, ಪಕ್ಕದಲ್ಲಿ ಹಾಕಿರುವ ಚಿತ್ರ ಮಾತ್ರ ಜಾಹೀರಾತಿನಿಂದ ತಂದದ್ದಾಗಿರುತ್ತದೆ. ಕಾನೂನು ಅಡ್ಡಿ ಎನ್ನುವವರಿಗೆ ಒಂದು ಮಾತು: ಬೆತ್ತಲೆ ಚಿತ್ರ ಬೆತ್ತಲೆಯೆಂಬ ಕಾರಣಕ್ಕಷ್ಟೇ ಅಶ್ಲೀಲವಾಗದು, ಸಂದರ್ಭ ನೋಡಬೇಕು ಎಂದು ನಮ್ಮ ಸುಪ್ರೀಂ ಕೋರ್ಟೇ 2014ರಲ್ಲಿ ಹೇಳಿದೆ. ಅಡ್ಡಿ ಇರುವುದು ಕಾನೂನಿನಲ್ಲಿ ಅಷ್ಟಲ್ಲ, ನೆರೆಮನೆಯಲ್ಲಿ.

ಈ ವಿಧಾನ ಗ್ಯಾಲರಿಯಿಂದ ಆಸ್ಪತ್ರೆಗೆ ದಾಟಿದ್ದು ಆಸ್ಟ್ರೇಲಿಯಾದಲ್ಲಿ. ವಿಕ್ಟೋರಿಯಾ ರಾಜ್ಯದ ಮಹಿಳಾ ಆರೋಗ್ಯ ಸಂಸ್ಥೆ 'ವಿಮೆನ್ಸ್ ಹೆಲ್ತ್ ವಿಕ್ಟೋರಿಯಾ' 2013ರಲ್ಲಿ 'ಲೇಬಿಯಾ ಲೈಬ್ರರಿ' ಎಂಬ ಚಿತ್ರಕೋಶ ತೆರೆಯಿತು. ತಿದ್ದದ ಫೋಟೋಗಳು, ಮುಖವಿಲ್ಲ, ಜೊತೆಗೆ ಸರಳ ವಿವರಣೆ. 2015ರಲ್ಲಿ ಅಲ್ಲಿನ ಕುಟುಂಬ ವೈದ್ಯರ ವೃತ್ತಿಸಂಸ್ಥೆ ಈ ಶಸ್ತ್ರಚಿಕಿತ್ಸೆ ಕೇಳಿ ಬರುವವರ ಬಗ್ಗೆ ಮಾರ್ಗದರ್ಶಿ ಹೊರತಂದಾಗ, ಅಂಗರಚನೆಯ ವೈವಿಧ್ಯವನ್ನು ರೋಗಿಗೆ ತಿಳಿಸಿಕೊಡುವುದನ್ನು ವೈದ್ಯರ ಕೆಲಸದ ಭಾಗವಾಗಿಯೇ ಹೇಳಿತು, ಈ ಚಿತ್ರಕೋಶವನ್ನೂ ಸೂಚಿಸಿತು. ಈಗ ಅಲ್ಲಿ ಚಿಂತೆ ಹೊತ್ತು ಬಂದವಳಿಗೆ ವೈದ್ಯೆ 'ನಿಮ್ಮದು ಸಾಮಾನ್ಯ' ಎಂದಷ್ಟೇ ಹೇಳಿ ಕಳಿಸಬೇಕಾಗಿಲ್ಲ. ಪರದೆಯನ್ನು ಆಕೆಯ ಕಡೆಗೆ ತಿರುಗಿಸಿ, ಒಂದರ ನಂತರ ಒಂದು ತೋರಿಸಬಹುದು. ಅದನ್ನೆಲ್ಲ ನೋಡಿದ ಮೇಲೂ ಶಸ್ತ್ರಚಿಕಿತ್ಸೆಯೇ ಬೇಕೆನ್ನುವವರು ಇರುತ್ತಾರೆ; ಅವರಿಗೆ ಮುಂದಿನ ಚೀಟಿ ಬರೆಯುವುದೂ ಅದೇ ವೈದ್ಯೆ.